ಕೊಡದೆ ಕಳುಹಿಸುವ ವಿದ್ಯೆ



ಫಾರ್ಮಸಿ ಪಾಠ ಹೇಳುವುದರಲ್ಲೇ ನನ್ನ ಆಯುಷ್ಯದ ಹೆಚ್ಚಿನ ಪಾಲು ಕಳೆದಿದೆ. ಅದಕ್ಕೂ ಮುಂಚೆ ಎರಡು ವರ್ಷ ಒಂದು ತಾಲ್ಲೂಕು ಊರಿನ ಔಷಧಿ ಅಂಗಡಿಯಲ್ಲಿ ಕೌಂಟರಿನ ಹಿಂದೆ ನಿಂತು ಕೆಲಸ ಮಾಡಿದ್ದೆ. ಇವತ್ತು ಆಡಲಿರುವ ಮಾತುಗಳಿಗೆ ಬೇರು ಆ ಕೌಂಟರಿನಲ್ಲಿದೆ. ಆಂಟಿಬಯೋಟಿಕ್ ಔಷಧಿಗಳನ್ನು ಹೊಣೆಯಿಂದ ಬಳಸುವುದನ್ನು ನಮ್ಮ ಫಾರ್ಮಸಿ ವಿದ್ಯಾರ್ಥಿಗಳಿಗೆ ಹೇಗೆ ಕಲಿಸಬೇಕು ಎಂಬುದು ವಿಷಯ. ದೊಡ್ಡ ಆಸ್ಪತ್ರೆಗಳ ತೀವ್ರ ನಿಗಾ ಘಟಕದಲ್ಲಿ ನಡೆಯುವ ಹೋರಾಟವನ್ನು, ಹೊಸ ಔಷಧಿಗಳ ಸಂಶೋಧನೆಯನ್ನು ನಾನು ಮುಟ್ಟುವುದಿಲ್ಲ. ಅಂಗಡಿಯ ಕೌಂಟರು, ಅದಕ್ಕೆ ಮಕ್ಕಳನ್ನು ತಯಾರು ಮಾಡುವ ನಮ್ಮ ತರಗತಿ, ಇವೆರಡರ ನಡುವಿನ ದೂರ, ಇಷ್ಟಕ್ಕೇ ಮಾತನ್ನು ಸೀಮಿತಗೊಳಿಸಿಕೊಳ್ಳುತ್ತೇನೆ.

ಈ ಉಪನ್ಯಾಸವನ್ನು ನಡೆಸುತ್ತಿರುವ ದತ್ತಿಯ ವ್ಯವಸ್ಥೆ ನಿಮಗೆಲ್ಲ ಗೊತ್ತಿರುವುದೇ. ದಾನಿಗಳು ಇಟ್ಟ ಅಸಲನ್ನು ಮುಟ್ಟುವಂತಿಲ್ಲ. ಬರುವ ಬಡ್ಡಿಯಲ್ಲಿ ವರ್ಷಕ್ಕೊಂದು ಉಪನ್ಯಾಸ ನಡೆಯಬೇಕು. ಆಂಟಿಬಯೋಟಿಕ್‌ಗಳೂ ಹಿಂದಿನ ತಲೆಮಾರಿನವರು ನಮಗೆ ಬಿಟ್ಟುಹೋದ ಇಡುಗಂಟೇ. 1928ರಲ್ಲಿ ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಕಂಡ ಬೂಷ್ಟಿನಿಂದ ಶುರುವಾಗಿ, ಮುಂದಿನ ಮೂರು ನಾಲ್ಕು ದಶಕಗಳಲ್ಲಿ ಇಂದು ನಾವು ನೆಚ್ಚಿಕೊಂಡಿರುವ ಬಹುಪಾಲು ಗುಂಪುಗಳು ಕೈಗೆ ಬಂದವು. 1980ರ ದಶಕದ ನಂತರ ನಿಜಕ್ಕೂ ಹೊಸ ಬಗೆಯವು ಸಿಕ್ಕಿದ್ದು ತೀರ ಕಡಿಮೆ. ನಮ್ಮ ದೇಶ ಈ ಔಷಧಿಗಾಗಿ ಹಂಬಲಿಸಿದ ಕಾಲವೂ ಒಂದಿತ್ತು. ಪುಣೆಯ ಹತ್ತಿರ ಪಿಂಪ್ರಿಯಲ್ಲಿ 1954ರಲ್ಲಿ ಹಿಂದುಸ್ತಾನ್ ಆಂಟಿಬಯೋಟಿಕ್ಸ್ ಸ್ಥಾಪನೆಯಾದದ್ದು, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಅದಕ್ಕೆ ಕೈಜೋಡಿಸಿದ್ದು, 1981ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಆಂಟಿಬಯೋಟಿಕ್ಸ್ ಅಂಡ್ ಫಾರ್ಮಾಸ್ಯುಟಿಕಲ್ಸ್ ಹುಟ್ಟಿದ್ದು, ಎಲ್ಲವೂ ಈ ಔಷಧಿ ಬಡವನ ಕೈಗೂ ಎಟುಕಲಿ ಎಂದು. ಎಟುಕಿತು. ನ್ಯುಮೋನಿಯಾ ಬಂದ ಮಕ್ಕಳು, ಹೆರಿಗೆಯ ನಂತರ ನಂಜೇರಿದ ತಾಯಂದಿರು ಬದುಕಿದರು. ಈ ಸಭೆಯಲ್ಲಿ ಕುಳಿತಿರುವ ಅನೇಕರು ಹಾಗೆ ಬದುಕಿದವರ ಮಕ್ಕಳು, ಮೊಮ್ಮಕ್ಕಳು.

ಈಗ ಅಸಲು ಕರಗುತ್ತಿದೆ. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳಿಂದಲೇ 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂದು, ಅಂಥ ಸೋಂಕು ಜೊತೆಗಿದ್ದ ಸಾವುಗಳನ್ನೆಲ್ಲ ಸೇರಿಸಿದರೆ ಆ ಸಂಖ್ಯೆ 49.5 ಲಕ್ಷದ ಹತ್ತಿರ ಹೋಗುತ್ತದೆಂದು 2022ರಲ್ಲಿ 'ಲ್ಯಾನ್ಸೆಟ್' ಪತ್ರಿಕೆ ಪ್ರಕಟಿಸಿದ ಅಂದಾಜು ಹೇಳುತ್ತದೆ. ಈ ಅಪಾಯವನ್ನು ಎಲ್ಲರಿಗಿಂತ ಮೊದಲು ಸಾರಿದವರಲ್ಲಿ ಫ್ಲೆಮಿಂಗ್ ಕೂಡ ಒಬ್ಬರು. 1945ರ ಡಿಸೆಂಬರಿನಲ್ಲಿ ನೊಬೆಲ್ ಭಾಷಣ ಮಾಡುವಾಗ ಅವರು ಒಂದು ಪುಟ್ಟ ಕಥೆ ಹೇಳಿದರು. ಗಂಟಲು ನೋವು ಬಂದ ಒಬ್ಬಾತ ತಾನೇ ಪೆನಿಸಿಲಿನ್ ಕೊಂಡು, ಸಾಲದಷ್ಟು ಮಾತ್ರ ತೆಗೆದುಕೊಳ್ಳುತ್ತಾನೆ. ಅವನ ಗಂಟಲಿನ ಸೂಕ್ಷ್ಮಾಣುಗಳು ಸಾಯದೆ ಪಳಗುತ್ತವೆ. ಅವು ಹೆಂಡತಿಗೆ ಅಂಟಿ ಅವಳಿಗೆ ನ್ಯುಮೋನಿಯಾ ಆಗುತ್ತದೆ. ಪೆನಿಸಿಲಿನ್ ನಾಟದೆ ಅವಳು ತೀರಿಕೊಳ್ಳುತ್ತಾಳೆ. ಯಾರು ಬೇಕಾದರೂ ಅಂಗಡಿಯಲ್ಲಿ ಪೆನಿಸಿಲಿನ್ ಕೊಳ್ಳುವ ದಿನ ಬರಬಹುದು ಎಂಬುದು ಅವರ ಆತಂಕವಾಗಿತ್ತು. ಅಂಗಡಿ ಎಂಬ ಮಾತು ಆ ಭಾಷಣದಲ್ಲೇ ಇದೆ. ಔಷಧಿ ಕಂಡುಹಿಡಿದವರೇ ಬೆರಳು ತೋರಿಸಿದ್ದು ನಾವು ನಿಲ್ಲುವ ಜಾಗದ ಕಡೆಗೆ.

ಮೊದಲಿಗೆ, ನಾವು ಏನು ಕಲಿಸುತ್ತಿದ್ದೇವೆ ಎಂಬುದನ್ನು ನೋಡೋಣ.

ನಮ್ಮ ಬಿ.ಫಾರ್ಮ್ ವಿದ್ಯಾರ್ಥಿ ಬೀಟಾ ಲ್ಯಾಕ್ಟಮ್ ಉಂಗುರವನ್ನು ಕಣ್ಣು ಮುಚ್ಚಿ ಬರೆಯುತ್ತಾನೆ. ಬ್ಯಾಕ್ಟೀರಿಯಾ ಆ ಉಂಗುರವನ್ನು ಕಿಣ್ವದಿಂದ ಹೇಗೆ ಒಡೆಯುತ್ತದೆ, ಒಳಬಂದ ಔಷಧಿಯನ್ನು ಹೇಗೆ ಹೊರದಬ್ಬುತ್ತದೆ ಎಂಬುದನ್ನು ಚಿತ್ರ ಸಮೇತ ವಿವರಿಸುತ್ತಾನೆ. ಕಾನೂನೂ ಬಾಯಿಪಾಠ. ಎಚ್ ಅನುಸೂಚಿಯ ಔಷಧಿಗಳನ್ನು ವೈದ್ಯರ ಚೀಟಿಯಿಲ್ಲದೆ ಕೊಡುವಂತಿಲ್ಲ. 2014ರ ಮಾರ್ಚ್ 1ರಿಂದ ಜಾರಿಗೆ ಬಂದ ಎಚ್1 ಅನುಸೂಚಿಯ 46 ಔಷಧಿಗಳಿಗೆ ಪ್ರತ್ಯೇಕ ರಿಜಿಸ್ಟರ್ ಇಡಬೇಕು. ಬರೆದುಕೊಟ್ಟ ವೈದ್ಯರ ಹೆಸರು ವಿಳಾಸ, ರೋಗಿಯ ಹೆಸರು, ಔಷಧಿ, ಅದರ ಪ್ರಮಾಣ ಅದರಲ್ಲಿ ನಮೂದಾಗಬೇಕು. ಆ ಪುಸ್ತಕ ಮೂರು ವರ್ಷ ಅಂಗಡಿಯಲ್ಲಿರಬೇಕು. 2016ರಲ್ಲಿ ಕೇಂದ್ರ ಸರ್ಕಾರ ಮಾತ್ರೆಯ ಪಟ್ಟಿಯ ಮೇಲಿನ ಕೆಂಪು ಗೆರೆಯ ಬಗ್ಗೆ ಪ್ರಚಾರ ಮಾಡಿದ್ದನ್ನೂ ಅವನು ಹೇಳಬಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ಅಧ್ಯಾಪಕರು ಇದನ್ನು ಬಿಡಿಸಿ ಹೇಳಲೇಬೇಕು. ಸೆಫಿಕ್ಸಿಮ್, ಲೆವೊಫ್ಲಾಕ್ಸಸಿನ್ ಎಚ್1 ಪಟ್ಟಿಯಲ್ಲಿವೆ. ಅಜಿಥ್ರೋಮೈಸಿನ್ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಅದು ಹಗುರವಾದ ಔಷಧಿ ಎಂದು ಅಂಗಡಿಗಳಲ್ಲಿ ಭಾವನೆ ಬೆಳೆದಿದೆ. ಕೋವಿಡ್ ಕಾಲದಲ್ಲಿ ಅದು ಮನೆಮನೆಯ ಡಬ್ಬಿ ಸೇರಿತು. ಆದರೆ ಅದು ಎಚ್ ಅನುಸೂಚಿಯಲ್ಲಿದೆ, ಚೀಟಿ ಬೇಕೇ ಬೇಕು. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಆಂಟಿಬಯೋಟಿಕ್‌ಗಳನ್ನು ಮೂರು ಪಂಗಡ ಮಾಡಿತು: ಸುಲಭವಾಗಿ ಸಿಗಬೇಕಾದವು, ಕಣ್ಣಿಟ್ಟು ಬಳಸಬೇಕಾದವು, ಕೊನೆಯ ಕಾಲಕ್ಕೆಂದು ಕಾಯ್ದಿಡಬೇಕಾದವು. ಅಮಾಕ್ಸಿಸಿಲಿನ್ ಮೊದಲ ಪಂಗಡದಲ್ಲಿದ್ದರೆ ಅಜಿಥ್ರೋಮೈಸಿನ್ ಎರಡನೆಯದರಲ್ಲಿದೆ. ನಮ್ಮ ರಿಜಿಸ್ಟರಿನ ಕಣ್ಣಿಗೆ ಬೀಳದ ಔಷಧಿ ಜಗತ್ತಿನ ಕಣ್ಣಿನಲ್ಲಿ ಎಚ್ಚರಿಕೆಯ ಔಷಧಿ. ಈ ಪಂಗಡಗಳನ್ನು ಕಾನೂನಿನ ಪಕ್ಕದಲ್ಲಿಟ್ಟು ಓದಿಸಿದಾಗ ಮಕ್ಕಳು ಪಟ್ಟಿಯನ್ನು ಉರು ಹೊಡೆಯುವುದು ಬಿಟ್ಟು ಯೋಚಿಸತೊಡಗುತ್ತಾರೆ.

ಇಷ್ಟೆಲ್ಲ ಕಲಿತವನು ಅಂಗಡಿಗೆ ಹೋಗುತ್ತಾನೆ. ರಾತ್ರಿ ಎಂಟು ಗಂಟೆ. ಒಬ್ಬರು ಬಂದು ಚಪ್ಪಲಿ ಬಿಟ್ಟು ಮೆಟ್ಟಿಲ ಮೇಲೆ ನಿಂತು, "ಡಾಕ್ಟ್ರೇ, ಗಂಟ್ಲು ಕೆರೀತೈತೆ, ಮೈಯೆಲ್ಲ ನೋವು. ಹೋದ ಸಲ ಮೂರು ಮಾತ್ರೆ ಕೊಟ್ಟಿದ್ರಲ್ಲ, ಅವನ್ನೇ ಕೊಡಿ" ಎನ್ನುತ್ತಾರೆ. ನಾಲ್ಕು ವರ್ಷ ಉತ್ತರ ಬರೆದ ಹುಡುಗನ ಬಾಯಿಂದ ಆ ಹೊತ್ತಿಗೆ ಉತ್ತರ ಹೊರಡುವುದಿಲ್ಲ. ಕೈ ತಾನಾಗಿ ಮಾತ್ರೆಯ ಪೆಟ್ಟಿಗೆಯ ಕಡೆ ಹೋಗುತ್ತದೆ.

ನನ್ನ ಕೈಯೂ ಹೋಗಿದೆ. ಆ ತಾಲ್ಲೂಕು ಊರಿನಲ್ಲಿ ಗಾರೆ ಕೆಲಸದ ಒಬ್ಬರು ಕೆಮ್ಮು ಎಂದು ನಮ್ಮ ಅಂಗಡಿಗೆ ಬರುತ್ತಿದ್ದರು. ಆಸ್ಪತ್ರೆಗೆ ಹೋದರೆ ಒಂದು ದಿನದ ಕೂಲಿ ಹೋಗುತ್ತದೆ ಎನ್ನುತ್ತಿದ್ದರು. ನಾನು ಎರಡು ತಿಂಗಳಲ್ಲಿ ಮೂರು ಸಲ ಅವರಿಗೆ ಆಂಟಿಬಯೋಟಿಕ್ ಕೊಟ್ಟೆ. ಒಂದೊಂದು ಸಲವೂ ಸ್ವಲ್ಪ ಹಗುರವಾಗುತ್ತಿತ್ತು, ಮತ್ತೆ ಬರುತ್ತಿತ್ತು. ನಾಲ್ಕನೆಯ ಸಲ ಅವರು ತಂದದ್ದು ಸರ್ಕಾರಿ ಆಸ್ಪತ್ರೆಯ ಕಾರ್ಡು; ಕ್ಷಯ. ನನ್ನನ್ನು ಅವರು ಒಂದು ಮಾತೂ ಅನ್ನಲಿಲ್ಲ, ಎಂದಿನಂತೆ ನಕ್ಕರು. ಸಿಪ್ರೊಫ್ಲಾಕ್ಸಸಿನ್ ಗುಂಪಿನ ಔಷಧಿಗಳು ಕ್ಷಯದ ಲಕ್ಷಣಗಳನ್ನು ಕೆಲವು ದಿನ ಮುಚ್ಚಿಹಾಕಿ ರೋಗ ಪತ್ತೆಯನ್ನು ತಡ ಮಾಡಬಲ್ಲವು ಎಂದು ಪುಸ್ತಕದಲ್ಲಿ ಓದಿದಾಗಲೆಲ್ಲ ಅವರ ಮುಖ ನೆನಪಾಗುತ್ತದೆ. ಅವರ ಮನೆಯಲ್ಲಿ ಸಣ್ಣ ಮಕ್ಕಳಿದ್ದರು.

ಇದು ನನ್ನೊಬ್ಬನ ತಪ್ಪಾಗಿದ್ದರೆ ಇಲ್ಲಿ ಹೇಳಬೇಕಾಗಿರಲಿಲ್ಲ. ದೆಹಲಿ, ಮುಂಬೈ, ಪಟ್ನಾ ನಗರಗಳ 622 ಔಷಧಿ ಅಂಗಡಿಗಳಲ್ಲಿ ನಡೆಸಿದ ಒಂದು ಅಧ್ಯಯನ 2016ರಲ್ಲಿ ಪ್ರಕಟವಾಯಿತು. ತರಬೇತಿ ಪಡೆದವರು ರೋಗಿಗಳಂತೆ ಅಂಗಡಿಗೆ ಹೋದರು. ಒಂದು ಬಗೆಯವರು ಕೆಮ್ಮು, ಜ್ವರ ಎಂದಷ್ಟೇ ಹೇಳಿದರು. ಇನ್ನೊಂದು ಬಗೆಯವರು ಕ್ಷಯ ಇದೆ ಎಂಬ ಲ್ಯಾಬ್ ವರದಿಯನ್ನೂ ತೋರಿಸಿದರು. ಬರೀ ಲಕ್ಷಣ ಹೇಳಿದವರನ್ನು ಸರಿಯಾಗಿ ನಡೆಸಿಕೊಂಡದ್ದು ನೂರಕ್ಕೆ 13 ಭೇಟಿಗಳಲ್ಲಿ ಮಾತ್ರ. 37ರಲ್ಲಿ ಆಂಟಿಬಯೋಟಿಕ್ ಕೊಟ್ಟು ಕಳುಹಿಸಿದ್ದರು. ವರದಿ ತೋರಿಸಿದಾಗ ಸರಿಯಾದ ನಡವಳಿಕೆ ನೂರಕ್ಕೆ 62ಕ್ಕೆ ಏರಿತು, ಆಂಟಿಬಯೋಟಿಕ್ ಕೊಟ್ಟದ್ದು 16ಕ್ಕೆ ಇಳಿಯಿತು. ಕ್ಷಯದ ಔಷಧಿಯನ್ನಂತೂ ಒಂದು ಅಂಗಡಿಯೂ ಹಾಗೇ ಕೊಡಲಿಲ್ಲ.

ಅಧ್ಯಾಪಕ ಮಿತ್ರರು ಈ ಅಂಕಿಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕೆಂದು ನನ್ನ ಪ್ರಾರ್ಥನೆ. ರೋಗ ಯಾವುದೆಂದು ಕಾಗದದಲ್ಲಿ ಕಂಡಾಗ ಅದೇ ಅಂಗಡಿಯವರು ಜವಾಬ್ದಾರಿಯಿಂದ ನಡೆದುಕೊಂಡರು. ಅವರಿಗೆ ಔಷಧಿಯ ತಿಳಿವಳಿಕೆ ಇತ್ತು, ಭಯವೂ ಇತ್ತು. ರೋಗ ಗೊತ್ತಿಲ್ಲದ ಹೊತ್ತಿನಲ್ಲಿ ಏನು ಕೇಳಬೇಕು, ಏನು ಹೇಳಿ ಕಳುಹಿಸಬೇಕು ಎಂಬ ಅಭ್ಯಾಸ ಮಾತ್ರ ಇರಲಿಲ್ಲ. ಆ ಅಭ್ಯಾಸವನ್ನು ಯಾವ ಕಾಲೇಜೂ ಅವರಿಗೆ ಮಾಡಿಸಿರಲಿಲ್ಲ. ಕೊಡುವ ವಿದ್ಯೆಯನ್ನು ನಾವು ಚೆನ್ನಾಗಿ ಕಲಿಸಿದ್ದೇವೆ. ಕೊಡದೆ ಕಳುಹಿಸುವ ವಿದ್ಯೆ ನಮ್ಮ ಪಠ್ಯದಲ್ಲಿ ಎಲ್ಲೂ ಇಲ್ಲ ಎನ್ನುವಷ್ಟು ಕಡಿಮೆ ಇದೆ. 2020ರ ಶಿಕ್ಷಣ ನಿಯಮಾವಳಿಯಲ್ಲಿ ಡಿ.ಫಾರ್ಮ್‌ಗೆ ಸಮುದಾಯ ಫಾರ್ಮಸಿ, ಸಾಮಾಜಿಕ ಫಾರ್ಮಸಿ ಎಂಬ ವಿಷಯಗಳು ಬಂದಿರುವುದು ಒಳ್ಳೆಯ ಬೆಳವಣಿಗೆ. ಬಾಗಿಲು ತೆರೆದಿದೆ, ಒಳಗೆ ನಡೆಯಬೇಕಾದವರು ನಾವು.

ಈಗ ಎರಡನೆಯ ಮಾತಿಗೆ ಬರುತ್ತೇನೆ. ಆ ವಿದ್ಯೆಯನ್ನು ಕಲಿಸುವುದು ಹೇಗೆ?

ನಾನು ಪಾಠ ಮಾಡಿದ ಕಡೆ ಪ್ರಯೋಗಾಲಯದ ಒಂದು ಮೇಜನ್ನೇ ಅಂಗಡಿಯ ಕೌಂಟರು ಮಾಡಿಕೊಂಡೆವು. ಒಬ್ಬರು ಗಿರಾಕಿ, ಒಬ್ಬರು ಫಾರ್ಮಸಿಸ್ಟ್, ಉಳಿದವರು ಸುತ್ತ ನಿಂತು ನೋಡುವುದು. ಎರಡು ನಿಮಿಷ ಅವಧಿ, ಏಕೆಂದರೆ ನಿಜವಾದ ಅಂಗಡಿಯಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ಯಾರೂ ನಿಲ್ಲುವುದಿಲ್ಲ. ಮೊದಮೊದಲು ಎಲ್ಲರೂ ಮಾಡುತ್ತಿದ್ದುದು ಒಂದೇ: "ಚೀಟಿ ಇಲ್ಲದೆ ಕೊಡಲ್ಲ, ಕಾನೂನು." ಇದು ಸುಳ್ಳಲ್ಲ. ಆದರೆ ಗಿರಾಕಿ ಮೆಟ್ಟಿಲಿಳಿದು ಪಕ್ಕದ ಅಂಗಡಿಗೆ ಹೋಗುತ್ತಾನೆ, ಅಷ್ಟೇ. ಕಾನೂನನ್ನು ಹೇಳಿದವನಿಗೆ ಸಮಾಧಾನ, ರೋಗಿಗೆ ಏನೂ ಸಿಗಲಿಲ್ಲ.

ಆಮೇಲೆ ನಿಧಾನವಾಗಿ ಪ್ರಶ್ನೆಗಳನ್ನು ಸೇರಿಸಿದೆವು. ಮಾತ್ರೆ ಯಾರಿಗೆ? ಎಷ್ಟು ದಿನದಿಂದ? ಈಗಾಗಲೇ ಏನು ನುಂಗಿದ್ದೀರಿ? ಉಸಿರಾಟ ಜೋರಾಗಿದೆಯೇ? ಭೇದಿಯಲ್ಲಿ ರಕ್ತ ಕಾಣಿಸಿತೇ? ಕೆಮ್ಮು ಎರಡು ವಾರ ದಾಟಿದೆಯೇ? ಮಗು ಹಾಲು ಕುಡಿಯುತ್ತಿದೆಯೇ? ಇವುಗಳಲ್ಲಿ ಒಂದಕ್ಕೆ ಅಂಜಿಕೆಯ ಉತ್ತರ ಬಂದರೂ ಅಂಗಡಿಯ ಕೆಲಸ ಅಲ್ಲಿಗೆ ಮುಗಿಯಿತು. ವೈದ್ಯರಲ್ಲಿಗೆ ಹೋಗುವ ದಾರಿ ತೋರಿಸುವುದೊಂದೇ ಉಳಿದದ್ದು. ಆ ದಾರಿಯೂ ಸ್ಪಷ್ಟವಾಗಿರಬೇಕು. "ಡಾಕ್ಟರಿಗೆ ತೋರಿಸಿ" ಎಂದರೆ ಸಾಲದು. ಯಾವ ಆಸ್ಪತ್ರೆ, ಎಷ್ಟು ಹೊತ್ತಿಗೆ ತೆರೆದಿರುತ್ತದೆ, ಕಫ ಪರೀಕ್ಷೆಗೆ ದುಡ್ಡು ಕೊಡಬೇಕಿಲ್ಲ ಎಂಬುದನ್ನೆಲ್ಲ ಒಂದು ಚೂರು ಕಾಗದದಲ್ಲಿ ಬರೆದುಕೊಡಬೇಕು. ನಮ್ಮ ಗಾರೆ ಕೆಲಸದವರಿಗೆ ನಾನು ಆ ಚೂರು ಕಾಗದ ಕೊಟ್ಟಿರಲಿಲ್ಲ.

ಅಂಜಿಕೆಯ ಲಕ್ಷಣ ಏನೂ ಇಲ್ಲದಿದ್ದರೆ? ನೆಗಡಿ, ಸಾಮಾನ್ಯ ಗಂಟಲು ಕೆರೆತ, ನೀರು ನೀರಾದ ಭೇದಿ ಬಹುಪಾಲು ವೈರಸ್ಸಿನವು, ತಾವಾಗಿ ಇಳಿಯುವಂಥವು. ಆದರೂ ಬಂದವರನ್ನು ಬರಿಗೈಯಲ್ಲಿ ಕಳುಹಿಸಬಾರದು. ಜ್ವರಕ್ಕೆ ಪ್ಯಾರಾಸಿಟಮಾಲ್, ಗಂಟಲಿಗೆ ಉಪ್ಪುನೀರಿನ ಮುಕ್ಕಳಿಕೆ, ಭೇದಿಗೆ ಓ.ಆರ್.ಎಸ್., ಮಗುವಾದರೆ ಜೊತೆಗೆ ಜಿಂಕ್. ಇವುಗಳ ಬೆಲೆ ಕಡಿಮೆ, ಆದ್ದರಿಂದ ಅಂಗಡಿಯವರಿಗೂ ಗಿರಾಕಿಗೂ ಇವು ಔಷಧಿಯಂತೆ ಕಾಣುವುದಿಲ್ಲ. ಒಂದು ಪೊಟ್ಟಣ ಓ.ಆರ್.ಎಸ್. ಅನ್ನು ಒಂದು ಲೀಟರ್ ನೀರಿಗೆ ಹೇಗೆ ಕಲಸಬೇಕು ಎಂದು ಲೋಟದ ಲೆಕ್ಕದಲ್ಲಿ ತೋರಿಸಿಕೊಡುವ ಫಾರ್ಮಸಿಸ್ಟನನ್ನು ನಾನು ದೊಡ್ಡ ಚಿಕಿತ್ಸಕ ಎಂದೇ ಗೌರವಿಸುತ್ತೇನೆ. ಇಷ್ಟಾದ ಮೇಲೆ, ಯಾವ ಲಕ್ಷಣ ಕಂಡರೆ, ಎಷ್ಟು ದಿನಕ್ಕೆ ಮತ್ತೆ ಬರಬೇಕು ಎಂಬುದನ್ನು ಹೇಳಿ ಕಳುಹಿಸಬೇಕು. ಮತ್ತೆ ಬನ್ನಿ ಎಂದು ಕರೆಸಿಕೊಂಡವರಿಗೆ ತಮ್ಮನ್ನು ತಳ್ಳಿಹಾಕಿದರು ಎನಿಸುವುದಿಲ್ಲ.

ಒಂದು ಸಲ ರಾಯಚೂರು ಕಡೆಯ ಒಬ್ಬ ಹುಡುಗಿಯ ಸರದಿ ಬಂತು. ಗಿರಾಕಿಯ ಪಾತ್ರ ಮಾಡಿದ ಹುಡುಗ ಮುದುಕನಂತೆ ಬೆನ್ನು ಬಗ್ಗಿಸಿ, ಹಟ ಹಿಡಿದು ಮಾತ್ರೆ ಕೇಳಿದ. ಅವಳು ತನ್ನೂರಿನ ಮಾತಿನಲ್ಲೇ ಹೇಳಿದಳು: "ಅಜ್ಜಾರ, ಈ ಗುಳಿಗಿ ನೆಗಡಿಗೆ ನಾಟಂಗಿಲ್ರೀ. ಮುಂದ ಖರೇನ ದೊಡ್ಡ ಜಡ್ಡು ಬಂದಾಗ ಇದು ನಿಮಗ ಬೇಕಾಗತೈತಿ. ಈಗ ಸುಮ್ಮ ಯಾಕ ಸವಸ್ತೀರಿ?" ತರಗತಿ ಒಂದು ಕ್ಷಣ ಸುಮ್ಮನಾಯಿತು. ನಾನು ವರ್ಷಗಟ್ಟಲೆ ಪಾಠ ಮಾಡಿದ್ದನ್ನು ಅವಳು ಒಂದೇ ಉಸಿರಿನಲ್ಲಿ ಹೇಳಿಬಿಟ್ಟಿದ್ದಳು.

ಅವಳ ಆ ಮಾತೇ ನನ್ನನ್ನು ಮೂರನೆಯ ವಿಷಯಕ್ಕೆ ತರುತ್ತದೆ, ಅದು ಭಾಷೆ. ಇದರ ಬಗ್ಗೆ ನಮ್ಮ ಫಾರ್ಮಸಿ ಕಾಲೇಜುಗಳಲ್ಲಿ ಚರ್ಚೆಯಾಗುವುದೇ ಅಪರೂಪ. ಪುಸ್ತಕ ಇಂಗ್ಲಿಷಿನಲ್ಲಿ, ಪರೀಕ್ಷೆ ಇಂಗ್ಲಿಷಿನಲ್ಲಿ. ಗಿರಾಕಿ ಬರುವುದು ಕನ್ನಡದಲ್ಲಿ, ತುಳುವಿನಲ್ಲಿ, ಉರ್ದುವಿನಲ್ಲಿ, ಲಂಬಾಣಿಯಲ್ಲಿ. ಪದವಿ ಮುಗಿಸಿದ ಹುಡುಗನಿಗೆ 'ರೆಸಿಸ್ಟೆನ್ಸ್' ಎಂಬುದಕ್ಕೆ ತನ್ನ ಅಮ್ಮನಿಗೆ ಅರ್ಥವಾಗುವ ಒಂದು ವಾಕ್ಯ ಹೊಳೆಯುವುದಿಲ್ಲ.

ಜನರ ಬಳಿ ಆ ವಿಚಾರಕ್ಕೆ ಮಾತಿಲ್ಲವೆಂದಲ್ಲ. "ಆ ಮಾತ್ರೆ ಮೈಗೆ ಒಗ್ಗಿಹೋಗಿದೆ, ಪವರ್ ಜಾಸ್ತಿ ಇರೋದು ಕೊಡಿ" ಎಂದು ದಿನವೂ ಕೇಳುತ್ತೇವೆ. ಅದರಲ್ಲಿ ಅರ್ಧ ಸತ್ಯವಿದೆ, ಅರ್ಧ ಅಪಾಯವಿದೆ. ಒಗ್ಗಿಕೊಂಡದ್ದು ರೋಗಿಯ ಮೈ ಎಂದು ಅವರು ತಿಳಿದಿದ್ದಾರೆ. ಆದ್ದರಿಂದ ಅದು ತಮ್ಮೊಬ್ಬರ ಸಮಸ್ಯೆ, ಇನ್ನೂ ಜೋರಾದ ಮಾತ್ರೆ ಅದಕ್ಕೆ ಪರಿಹಾರ. ನಿಜಕ್ಕೂ ಒಗ್ಗಿಕೊಂಡದ್ದು ಸೂಕ್ಷ್ಮಾಣು. ಅದು ಮಗುವಿನ ಮೈಗೂ ಹೋಗುತ್ತದೆ, ಪಕ್ಕದ ಮನೆಗೂ ಹೋಗುತ್ತದೆ. ಈ ಒಂದು ಪದದ ಕರ್ತೃವನ್ನು ಬದಲಾಯಿಸಿಕೊಡುವುದೇ ನಮ್ಮ ವಿದ್ಯಾರ್ಥಿಯ ಮೊದಲ ಕೆಲಸ.

ರೈತ ಮನೆಯ ಮಕ್ಕಳಿಗೆ ನಾನು ಹೊಲದಿಂದಲೇ ಶುರು ಮಾಡುತ್ತೇನೆ. ಒಂದೇ ಕಳೆನಾಶಕವನ್ನು ವರ್ಷ ವರ್ಷವೂ ಹೊಡೆದರೆ ಮೆತ್ತಗಿನ ಕಳೆ ಸಾಯುತ್ತದೆ, ಗಟ್ಟಿಯದು ಉಳಿದು ಬೀಜ ಉದುರಿಸುತ್ತದೆ. ಕಳೆಗೆ ಒಂದು ತಲೆಮಾರು ದಾಟಲು ಒಂದು ಹಂಗಾಮು ಬೇಕು. ಅನುಕೂಲವಿದ್ದರೆ ಕೆಲವು ಬ್ಯಾಕ್ಟೀರಿಯಾಗಳಿಗೆ 20 ನಿಮಿಷ ಸಾಕು. ಆ ಲೆಕ್ಕದಲ್ಲಿ ಒಂದು ಕಣ ಹತ್ತು ತಾಸಿನಲ್ಲಿ 100 ಕೋಟಿ ದಾಟುತ್ತದೆ. ಸಾಲದೆಂಬಂತೆ ಗಟ್ಟಿತನದ ಗುಟ್ಟನ್ನು ಅವು ಬೇರೆ ಜಾತಿಯ ಬ್ಯಾಕ್ಟೀರಿಯಾಗಳಿಗೂ ಹಂಚುತ್ತವೆ. ವಿಜಯಪುರ, ಬಾಗಲಕೋಟೆ ಕಡೆಯ ವಿದ್ಯಾರ್ಥಿಗಳಿದ್ದರೆ ದಾಳಿಂಬೆಯ ದುಂಡಾಣು ಅಂಗಮಾರಿ ರೋಗಕ್ಕೆ ಸ್ಟ್ರೆಪ್ಟೊಮೈಸಿನ್ ಸಿಂಪಡಿಸುತ್ತಿದ್ದುದನ್ನು ಅವರೇ ಹೇಳುತ್ತಾರೆ. ಕ್ಷಯಕ್ಕೆ ಸಿಕ್ಕ ಮೊದಲ ಮದ್ದು ಹಣ್ಣಿನ ಗಿಡದ ಮೇಲೆ ಬಿದ್ದದ್ದು ಅವರಿಗೆ ಆಗ ಹೊಸದಾಗಿ ಕಾಣುತ್ತದೆ. ಕೋಳಿ, ಮೀನು, ಹಸುಗಳ ವಿಚಾರವೂ ಇದರೊಳಗೇ ಬರುತ್ತದೆ. ಕೊನೆಯ ಕಾಲಕ್ಕೆ ಕಾಯ್ದಿಡಬೇಕಾದ ಕಾಲಿಸ್ಟಿನ್ ಅನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಬಳಸುವುದನ್ನು ನಮ್ಮ ಸರ್ಕಾರ 2019ರಲ್ಲಿ ನಿಷೇಧಿಸಿತು ಎಂಬುದನ್ನು ಹೇಳಿ ಮುಂದೆ ಹೋಗುತ್ತೇನೆ.

ಇನ್ನೊಂದು ಪದ ನಂಜು. ಗಾಯವಾದವರು "ನಂಜಾಗದ ಹಾಗೆ ಒಂದು ಮಾತ್ರೆ ಕೊಡಿ" ಎನ್ನುತ್ತಾರೆ. ಕೆಲವೊಮ್ಮೆ ಅವರಿಗೆ ಬೇಕಿರುವುದು ಸೋಪು ನೀರಿನಲ್ಲಿ ಗಾಯ ತೊಳೆಯುವುದು ಮತ್ತು ಟೆಟನಸ್ ಚುಚ್ಚುಮದ್ದಿನ ವಿಚಾರಣೆ. ನಂಜು ಎಂದರೆ ಅವರ ಮನಸ್ಸಿನಲ್ಲಿ ಏನಿದೆ ಎಂದು ಕೇಳಿ ತಿಳಿಯದೆ ಫಾರ್ಮಸಿಸ್ಟ್ ಮುಂದೆ ಮಾತಾಡಲಾರ.

ಎಲ್ಲಕ್ಕಿಂತ ನನಗೆ ಪ್ರಿಯವಾದ ಪದ ಪಥ್ಯ. ನಮ್ಮ ಜನ ಔಷಧಿ ಕೊಂಡು ದುಡ್ಡು ಕೊಟ್ಟ ಮೇಲೆ ತಪ್ಪದೆ ಕೇಳುತ್ತಾರೆ: "ಪಥ್ಯ ಏನಾದ್ರೂ ಐತಾ?" ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರು ನಗುತ್ತ, "ಇಂಗ್ಲಿಷ್ ಔಷಧಿಗೆ ಪಥ್ಯ ಇಲ್ಲ, ಏನು ಬೇಕಾದ್ರೂ ತಿನ್ನಿ" ಎನ್ನುವುದನ್ನು ಕೇಳಿ ಸಂಕಟಪಟ್ಟಿದ್ದೇನೆ. ಪಥ್ಯ ಇದೆ. ಸಿಪ್ರೊಫ್ಲಾಕ್ಸಸಿನ್ ಅನ್ನು ಹಾಲಿನ ಜೊತೆ, ಆಂಟಾಸಿಡ್ ಅಥವಾ ಕಬ್ಬಿಣದ ಮಾತ್ರೆಯ ಜೊತೆ ನುಂಗಿದರೆ ಔಷಧಿ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಮೆಟ್ರೊನಿಡಜೋಲ್ ನುಂಗುವ ದಿನಗಳಲ್ಲಿ ಮದ್ಯ ಕುಡಿಯಬಾರದು. ಡಾಕ್ಸಿಸೈಕ್ಲಿನ್ ಅನ್ನು ಲೋಟದ ತುಂಬ ನೀರಿನಲ್ಲಿ ನುಂಗಬೇಕು, ನುಂಗಿದ ಕೂಡಲೇ ಮಲಗಬಾರದು. ಇಲ್ಲವಾದರೆ ಅನ್ನನಾಳ ಸುಟ್ಟಂತಾಗುತ್ತದೆ. ರೋಗಿ ತಾನಾಗಿ ಕೇಳಿ ತೆರೆದ ಬಾಗಿಲು ಇದು. ಆ ಬಾಗಿಲಲ್ಲೇ ಇನ್ನೂ ಎರಡು ಮಾತು ಸೇರಿಸಬಹುದು: ಇದನ್ನು ಇನ್ನೊಬ್ಬರಿಗೆ ಕೊಡಬಾರದು, ಉಳಿಸಿ ಇಟ್ಟುಕೊಳ್ಳಬಾರದು. ಪಥ್ಯವೆಂದು ಹೇಳಿದ್ದನ್ನು ನಮ್ಮ ಮನೆಗಳಲ್ಲಿ ಮೀರುವುದಿಲ್ಲ.

ಇನ್ನು, ಕೊಡಬೇಕಾದಾಗ ಸರಿಯಾಗಿ ಕೊಡುವುದು. ಚೀಟಿ ಇದೆ, ರೋಗಕ್ಕೆ ಆಂಟಿಬಯೋಟಿಕ್ ಬೇಕೇ ಬೇಕು ಎಂದಾಗಲೂ ಕೌಂಟರಿನಲ್ಲಿ ಕೆಲಸ ಕೆಡುತ್ತದೆ. ಮಕ್ಕಳ ಡ್ರೈ ಸಿರಪ್ ಬಾಟಲಿಯನ್ನೇ ನೋಡಿ. ಒಳಗೆ ಪುಡಿ, ಹೊರಗೆ ಗೆರೆ. ಕಾಯಿಸಿ ಆರಿಸಿದ ನೀರನ್ನು ಅರ್ಧ ಹಾಕಿ, ಅಲ್ಲಾಡಿಸಿ, ಆಮೇಲೆ ಗೆರೆಯವರೆಗೆ ತುಂಬಿ ಮತ್ತೆ ಅಲ್ಲಾಡಿಸಬೇಕು. ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಆದರೆ ಫ್ರಿಜ್ಜಿನಲ್ಲಿಟ್ಟು ಏಳು ದಿನದೊಳಗೆ ಮುಗಿಸಬೇಕು. ಬಾಟಲಿಯನ್ನು ಕವರಿಗೆ ಹಾಕಿ ಕೊಟ್ಟುಬಿಟ್ಟರೆ ಮನೆಯಲ್ಲಿ ಬಿಸಿನೀರು ಬೀಳಬಹುದು, ಪುಡಿಯನ್ನೇ ಚಮಚದಲ್ಲಿ ತೆಗೆದು ಆಗಾಗ ಕಲಸಬಹುದು, ಉಳಿದದ್ದನ್ನು ಮುಂದಿನ ತಿಂಗಳು ತಂಗಿಗೆ ಕುಡಿಸಬಹುದು. ಅಡುಗೆಮನೆಯ ಚಮಚಗಳ ಅಳತೆ ಒಂದರಂತೆ ಒಂದಿಲ್ಲ. ನನ್ನ ವಿದ್ಯಾರ್ಥಿಗಳಿಗೆ ಮನೆಯಿಂದ ಒಂದೊಂದು ಚಮಚ ತರಹೇಳಿ, ಅಳತೆಯ ಸಿಲಿಂಡರಿನಲ್ಲಿ ಸುರಿಸಿ ನೋಡಿಸುತ್ತಿದ್ದೆ. ಆ ಒಂದು ಗಂಟೆಯ ಪಾಠವನ್ನು ಅವರು ಮರೆತದ್ದಿಲ್ಲ. ಮನೆಯಲ್ಲಿ ಫ್ರಿಜ್ ಇದೆಯೇ ಎಂದು ಕೇಳಲು ಸಂಕೋಚಪಡಬಾರದು ಎಂದೂ ಕಲಿಸಬೇಕು. ಇಲ್ಲವೆಂದರೆ ವೈದ್ಯರಿಗೆ ಒಂದು ಫೋನ್ ಮಾಡಿ, ನೀರಿನಲ್ಲಿ ಕರಗುವ ಮಾತ್ರೆ ಆಗುತ್ತದೆಯೇ ಎಂದು ವಿಚಾರಿಸಬಹುದು.

ಕತ್ತರಿಸಿದ ಪಟ್ಟಿಯ ಸಮಸ್ಯೆ ಇದಕ್ಕಿಂತ ಕಠಿಣ. ಐದು ದಿನಕ್ಕೆ ಬರೆದ ಮಾತ್ರೆಯನ್ನು ಎರಡು ದಿನಕ್ಕೆ ಕೊಡಿ ಎನ್ನುವವರು ತಿಳಿಯದೆ ಹೇಳುವುದಿಲ್ಲ. ಅವತ್ತಿನ ಕೂಲಿಯಲ್ಲಿ ಅಕ್ಕಿಯೂ ಬರಬೇಕು, ಮಾತ್ರೆಯೂ ಬರಬೇಕು. ಅಲ್ಲಿ ಉಪದೇಶ ಮಾಡುವುದು ಅನ್ಯಾಯ. ಅದೇ ಔಷಧಿ ಕಡಿಮೆ ಬೆಲೆಗೆ ಜನೌಷಧಿ ಕೇಂದ್ರದಲ್ಲಿ ಸಿಗುತ್ತದೆಯೇ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುತ್ತದೆಯೇ ಎಂದು ಹೇಳುವುದು ನ್ಯಾಯ. ಎಷ್ಟು ದಿನ ನುಂಗಬೇಕು ಎಂಬ ಬಗ್ಗೆಯೂ ಮಕ್ಕಳಿಗೆ ಸತ್ಯ ಹೇಳಬೇಕು. ಹಲವು ಸೋಂಕುಗಳಿಗೆ ಹಿಂದೆ ಕೊಡುತ್ತಿದ್ದುದಕ್ಕಿಂತ ಕಡಿಮೆ ದಿನ ಸಾಕೆಂದು ಈಗ ತಿಳಿದಿದೆ. ಕ್ಷಯಕ್ಕೆ ಮಾತ್ರ ತಿಂಗಳುಗಟ್ಟಲೆ ಒಂದು ದಿನವೂ ಬಿಡುವಂತಿಲ್ಲ. ಆದ್ದರಿಂದ ಹೆಚ್ಚು ದಿನ ನುಂಗಿದಷ್ಟೂ ಒಳ್ಳೆಯದು ಎಂದು ಕಲಿಸಬಾರದು. ವೈದ್ಯರು ಗೊತ್ತುಮಾಡಿದಷ್ಟು ದಿನ, ಗೊತ್ತುಮಾಡಿದ ಹೊತ್ತಿಗೆ.

ಕೊನೆಯದಾಗಿ, ಹೇಳಲು ಕಷ್ಟವಾದ ಒಂದು ಮಾತು. ನಾವು ಎಷ್ಟೇ ಚೆನ್ನಾಗಿ ಕಲಿಸಿದರೂ ನಮ್ಮ ವಿದ್ಯಾರ್ಥಿ ಕೌಂಟರಿನಲ್ಲಿ ಒಬ್ಬಂಟಿ. ಅಂಗಡಿ ಅವನದಲ್ಲ. ಸಂಬಳ ಕಡಿಮೆ. ಗಿರಾಕಿಯನ್ನು ಕಳುಹಿಸಿದರೆ ಮಾಲೀಕರ ಮುಖ ಗಂಟಿಕ್ಕುತ್ತದೆ. ಇನ್ನು ಕೆಲವರು ತಮ್ಮ ನೋಂದಣಿ ಪ್ರಮಾಣಪತ್ರವನ್ನು ಅಂಗಡಿಯ ಗೋಡೆಗೆ ಬಾಡಿಗೆ ಕೊಟ್ಟು ಬೇರೆ ಕೆಲಸಕ್ಕೆ ಹೋಗುತ್ತಾರೆ. ಔಷಧಿ ಕೊಡುವವನು ಹತ್ತನೆಯ ತರಗತಿ ಮುಗಿಸಿದ ಹುಡುಗ. 1948ರ ಫಾರ್ಮಸಿ ಕಾಯ್ದೆ ಹೇಳುವುದು ನೋಂದಾಯಿತ ಫಾರ್ಮಸಿಸ್ಟೇ ಔಷಧಿ ವಿತರಿಸಬೇಕೆಂದು. ವಿದ್ಯಾರ್ಥಿಗಳೇ, ಗೋಡೆಯ ಮೇಲೆ ನಿಮ್ಮ ಹೆಸರಿದ್ದು ಕೆಳಗೆ ನೀವಿಲ್ಲದಿದ್ದರೆ, ಅಲ್ಲಿಂದ ಹೋಗುವ ಪ್ರತಿ ಮಾತ್ರೆಯೂ ನಿಮ್ಮ ಹೆಸರಿನಲ್ಲಿ ಹೋಗುತ್ತದೆ. ಇದನ್ನು ನಿಮಗೆ ಕೈಮುಗಿದು ಹೇಳುತ್ತಿದ್ದೇನೆ.

ಒಬ್ಬ ನಿರಾಕರಿಸಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ ಎಂಬುದಕ್ಕೆ ನೆರೆಯ ಕೇರಳ ಒಂದು ದಾರಿ ಹುಡುಕಿದೆ. ಅಲ್ಲಿ 2018ರಲ್ಲೇ ರಾಜ್ಯಮಟ್ಟದ ಕಾರ್ಯಯೋಜನೆ ಬಂತು. 2024ರಲ್ಲಿ ಔಷಧ ನಿಯಂತ್ರಣ ಇಲಾಖೆ 'ಆಪರೇಷನ್ ಅಮೃತ್' ಹೆಸರಿನಲ್ಲಿ ಅಂಗಡಿಗಳ ತಪಾಸಣೆಗೆ ಇಳಿಯಿತು; ಆಂಟಿಬಯೋಟಿಕ್ ಅನ್ನು ಗುರುತಿಸಲು ಸುಲಭವಾಗಲೆಂದು ನೀಲಿ ಬಣ್ಣದ ಕವರಿನಲ್ಲಿ ಕೊಡುವ ಪದ್ಧತಿಯನ್ನೂ ತಂದರು. ಎಲ್ಲ ಅಂಗಡಿಗಳೂ ಒಟ್ಟಿಗೆ ಇಲ್ಲವೆಂದಾಗ ಒಬ್ಬ ಹುಡುಗನ ಇಲ್ಲ ಎಂಬ ಮಾತಿಗೆ ಬೆನ್ನು ಸಿಗುತ್ತದೆ. ನಮ್ಮ ಜಿಲ್ಲೆಗಳ ಔಷಧಿ ವ್ಯಾಪಾರಿಗಳ ಸಂಘದವರನ್ನು ಕಾಲೇಜಿಗೆ ಕರೆದು, ನಮ್ಮ ಮಕ್ಕಳನ್ನು 500 ಗಂಟೆಗಳ ಪ್ರಾಯೋಗಿಕ ತರಬೇತಿಗೆ ಕಳುಹಿಸುವಾಗಲೇ ಈ ಮಾತನ್ನು ಆಡಬೇಕು. ತರಬೇತಿಯ ದಿನಚರಿಯಲ್ಲಿ ಕೊಟ್ಟ ಔಷಧಿಗಳ ಪಟ್ಟಿಯಿರುತ್ತದೆ. ಕೊಡದೆ ಕಳುಹಿಸಿದ ಪ್ರಸಂಗಗಳಿಗೂ ಒಂದು ಪುಟ ಇರಲಿ.

ಪ್ರಾಯೋಗಿಕ ಪರೀಕ್ಷೆಯಲ್ಲೂ ಒಂದು ಮೇಜನ್ನು ಇದಕ್ಕೆಂದು ಮೀಸಲಿಡಬೇಕೆಂಬುದು ಈ ಸಂಸ್ಥೆಯಲ್ಲಿ ನನ್ನ ಅರಿಕೆ. ನಾವು ಒಂದು ವರ್ಷ ಅದನ್ನು ಮಾಡಿ ನೋಡಿದ್ದೆವು. ಗಿರಾಕಿಯ ಪಾತ್ರಕ್ಕೆ ಸಹಪಾಠಿಗಳು ಬೇಡವೆಂದು ಹಾಸ್ಟೆಲಿನ ಅಡುಗೆಯವರನ್ನು ಕೇಳಿಕೊಂಡೆವು. ಆಕೆ ಸೀರೆಯ ಸೆರಗು ಸರಿಮಾಡಿಕೊಂಡು ಬಂದು, ಹತ್ತು ವಿದ್ಯಾರ್ಥಿಗಳ ಮುಂದೆ ಹತ್ತು ಸಲವೂ, ಮಗಳಿಗೆ ಜ್ವರ, ಆ ಕೆಂಪು-ಹಳದಿ ಗುಳಿಗೆ ಕೊಡಿ ಎಂದು ಕಣ್ಣಲ್ಲಿ ನೀರು ತಂದುಕೊಂಡು ಕೇಳಿದರು. ಹತ್ತರಲ್ಲಿ ಒಂಬತ್ತು ಜನ ಮಾತ್ರೆ ಕೊಡಲಿಲ್ಲ. ನಾವು ಅಧ್ಯಾಪಕರು ಸಂತೋಷಪಟ್ಟೆವು. ಪರೀಕ್ಷೆ ಮುಗಿದು ಚಹಾ ಕುಡಿಯುವಾಗ ಹೇಗಿತ್ತಮ್ಮಾ ಎಂದು ವಿಚಾರಿಸಿದೆ. ಆಕೆ ಲೋಟ ಕೆಳಗಿಟ್ಟು ಹೇಳಿದರು: "ಎಲ್ಲಾ ಚೆನ್ನಾಗೇ ಮಾತಾಡಿದ್ರು ಸಾರ್. ಆದ್ರೆ ನಿನ್ನ ಮಗಳಿಗೆ ಎಷ್ಟು ವಯಸ್ಸು ಅಂತ ಕೇಳಿದೋಳು ಒಬ್ಳೇ."

ಮುಂದಿನ ವರ್ಷ ಅಂಕ ಹಾಕುವ ಹಾಳೆಯಲ್ಲಿ ಆ ಪ್ರಶ್ನೆಯನ್ನು ಮೊದಲ ಸಾಲಿಗೆ ತಂದೆವು.